ಪುಣೆ: ಹೊಲಿದಿಟ್ಟ ರವಿಕೆ ಒಯ್ಯಲು ಆಕೆ ಎರಡು ತಿಂಗಳಿಂದ ಬಂದಿಲ್ಲ. ಕಾನೂನು ತಿಳಿದವರು ದಯವಿಟ್ಟು ಹೇಳಿ

ಶುಕ್ರವಾರ ಪೇಟೆ ಹೊಲಿಗೆಯವಳು
ಎಲ್ಲರಿಗೂ ನಮಸ್ಕಾರ. ನನ್ನ ಊರು ಮುಧೋಳದ ಹತ್ತಿರ. ಪುಣೆಗೆ ಬಂದು ಹದಿನಾರು ವರ್ಷವಾಯಿತು, ಶುಕ್ರವಾರ ಪೇಟೆಯಲ್ಲಿ ರವಿಕೆ ಹೊಲಿಯುವ ಸಣ್ಣ ಅಂಗಡಿ ಇಟ್ಟಿದ್ದೇನೆ. ಲೈಂಗಿಕ ಕೆಲಸ ನಡೆಯುವ ಬುಧವಾರ ಪೇಟೆಯ ಗಲ್ಲಿಗಳು ಅಲ್ಲಿಂದ ನಡಿಗೆಯ ದೂರ. ಅಲ್ಲಿನ ಹೆಂಗಸರು ನನ್ನ ಗಿರಾಕಿಗಳು. ಜಮಖಂಡಿ, ಅಥಣಿ, ಗೋಕಾಕ ಕಡೆಯವರು ಅವರಲ್ಲಿ ಬಹಳ ಮಂದಿ. ಕನ್ನಡದಲ್ಲಿ ಅಳತೆ ಹೇಳಬಹುದು, ಎರಡು ಮಾತು ಊರಿನದು ಆಡಬಹುದು ಎಂದು ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಅವರಲ್ಲಿ ಒಬ್ಬಾಕೆಗೆ ಮೂವತ್ತೊಂದು ವರ್ಷ. ಆಕೆ ಮತ್ತು ಆಕೆಯ ಗೆಳತಿ ಕಳೆದ ವರ್ಷ ಘರವಾಲಿಯ (ವೇಶ್ಯಾಗೃಹದ ಒಡತಿಯ) ಸಾಲ ತೀರಿಸಿ ಹೊರಬಂದು ಇಬ್ಬರೇ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದರು. ಗಳಿಸಿದ್ದರಲ್ಲಿ ಅರ್ಧವನ್ನು ಯಾರಿಗೂ ಕೊಡಬೇಕಾಗಿರಲಿಲ್ಲ. ಆ ಸಂತೋಷಕ್ಕೇ ಎರಡು ರೇಷ್ಮೆ ರವಿಕೆ ಹೊಲಿಯಲು ಕೊಟ್ಟಿದ್ದಳು. ಎರಡು ತಿಂಗಳ ಹಿಂದೆ ಪೊಲೀಸರು ದಾಳಿ ಮಾಡಿದರು. ಆಕೆಯನ್ನು ‘ಬಿಡುಗಡೆಗೊಳಿಸಿ’ ನಗರದ ಹೊರಗಿನ ಒಂದು ಸುಧಾರಣಾ ಗೃಹಕ್ಕೆ ಕಳುಹಿಸಿದರು. ಗೆಳತಿಯ ಮೇಲೆ ವೇಶ್ಯಾಗೃಹ ನಡೆಸಿದ ಪ್ರಕರಣ, ಆಕೆ ಜೈಲಿನಲ್ಲಿದ್ದಾಳೆ. ನನ್ನ ಗಿರಾಕಿಯ ಮಗಳು ಮೂರನೇ ತರಗತಿಯಲ್ಲಿದ್ದಾಳೆ, ಸದ್ಯ ಪಕ್ಕದ ಖೋಲಿಯ ಅಜ್ಜಿಯ ಹತ್ತಿರ ಇದ್ದಾಳೆ.

ಈಗ ಆಕೆಯ ತಾಯಿ ಊರಿನಿಂದ ನನಗೆ ಫೋನ್ ಮಾಡುತ್ತಿದ್ದಾರೆ. ಮಗಳು ಮಂಗಲ ಕಾರ್ಯಾಲಯದಲ್ಲಿ ಅಡುಗೆ ಕೆಲಸಕ್ಕಿದ್ದಾಳೆ ಎಂದೇ ಅವರು ತಿಳಿದಿದ್ದಾರೆ. ಎರಡು ತಿಂಗಳಿಂದ ಹಣವೂ ಇಲ್ಲ, ಧ್ವನಿಯೂ ಇಲ್ಲ.

ನನ್ನ ಪ್ರಶ್ನೆ ಮೂರು. ಆಕೆ ಮಾಡಿದ್ದು ಅಪರಾಧವೇ? ಅಪರಾಧವಲ್ಲದಿದ್ದರೆ ಬೀಗ ಹಾಕಿದ ಜಾಗದಲ್ಲಿ ಏಕೆ ಇಟ್ಟಿದ್ದಾರೆ? ತಾಯಿಗೆ ನಾನು ಏನು ಹೇಳಲಿ?

ಡೊಂಬಿವಲಿ ಲೆಕ್ಕಿಗ
ಅಕ್ಕ, ನಿಮ್ಮ ಮನಸ್ಸು ಒಳ್ಳೆಯದು, ಆದರೆ ಪೊಲೀಸರು ಮಾಡಿದ್ದು ಸರಿ. ಬಾಗಿಲು ಮುಚ್ಚಿದ ಗೃಹವಾದರೂ ಎರಡು ಹೊತ್ತಿನ ಊಟವಿದೆ, ಹೊಡೆಯುವವರಿಲ್ಲ. ನಮ್ಮ ಊರಿನಲ್ಲಿ ನನ್ನ ಜೊತೆ ಏಳನೇ ತರಗತಿಯವರೆಗೆ ಓದಿದ ಹುಡುಗಿಯನ್ನು ಹೋಟೆಲ್ ಕೆಲಸವೆಂದು ಹೇಳಿ ಮುಂಬಯಿಗೆ ಕರೆತಂದರು. ಮೂವತ್ತು ವರ್ಷವಾಯಿತು, ಆಕೆಯ ಅಪ್ಪ ಹುಡುಕಿ ಹುಡುಕಿ ಸತ್ತ. ಆಗ ಒಬ್ಬ ಪೊಲೀಸನಾದರೂ ದಾಳಿ ಮಾಡಿದ್ದರೆ ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ. ಕಾನೂನು ಸಡಿಲವಾದರೆ ಲಾಭವಾಗುವುದು ದಲ್ಲಾಳಿಗಳಿಗೆ.

ಮಾಟುಂಗಾ ಮಾಮಿ
ತಾಯಿಗೆ ಫೋನಿನಲ್ಲಿ ಏನೂ ಹೇಳಬೇಡಿ. ಮೊದಲು ಮಗುವನ್ನು ನೋಡಿ.

ಥಾಣೆ ವಕೀಲೆ
ಕಾನೂನಿನ ವಿಷಯ ನಾನು ಹೇಳುತ್ತೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾವು ‘ಪೀಟಾ’ ಎಂದು ಕರೆಯುವುದು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯನ್ನು. ವಯಸ್ಕ ಹೆಣ್ಣು ತನ್ನ ಇಚ್ಛೆಯಿಂದ ಹಣಕ್ಕೆ ಲೈಂಗಿಕ ಸಂಬಂಧ ನಡೆಸುವುದು ಅಪರಾಧ ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಆದರೆ ಆ ಕೆಲಸದ ಸುತ್ತಲಿನ ಒಂದೊಂದು ಹೆಜ್ಜೆಯೂ ಅಪರಾಧ. 3ನೇ ಕಲಂ ವೇಶ್ಯಾಗೃಹ ನಡೆಸುವುದು. 4ನೇ ಕಲಂ ಆಕೆಯ ಗಳಿಕೆಯಲ್ಲಿ ಬದುಕುವುದು. 7ನೇ ಕಲಂ ದೇವಸ್ಥಾನ, ಶಾಲೆ, ಆಸ್ಪತ್ರೆ ಇಂಥವುಗಳಿಂದ 200 ಮೀಟರ್ ಒಳಗೆ ಈ ಕೆಲಸ ನಡೆಸುವುದು. 8ನೇ ಕಲಂ ಸಾರ್ವಜನಿಕ ಜಾಗದಲ್ಲಿ ಗಿರಾಕಿಯನ್ನು ಕರೆಯುವುದು. ದಗಡೂಶೇಠ್ ಗಣಪತಿ ದೇವಸ್ಥಾನ ಇರುವುದೇ ಬುಧವಾರ ಪೇಟೆಯಲ್ಲಿ. ಅಳತೆಪಟ್ಟಿ ಹಿಡಿದರೆ ಅಲ್ಲಿ ಯಾವ ಖೋಲಿ ಉಳಿಯುತ್ತದೆ, ನೀವೇ ಹೇಳಿ.

ನೀವು ಬರೆದದ್ದರಲ್ಲಿ ನನ್ನ ಹೊಟ್ಟೆ ಉರಿಸಿದ್ದು ಆ ಇಬ್ಬರ ಖೋಲಿಯ ವಿಷಯ. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ‘ಇಬ್ಬರು ಅಥವಾ ಹೆಚ್ಚು ಮಂದಿಯ ಪರಸ್ಪರ ಲಾಭಕ್ಕಾಗಿ’ ಬಳಸುವ ಕೋಣೆಯೂ ವೇಶ್ಯಾಗೃಹವೇ. ಅಂದರೆ ಘರವಾಲಿಯಿಂದ ಬಿಡಿಸಿಕೊಂಡು ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಕಾವಲಾಗಿ ಒಂದೇ ಸೂರಿನಡಿ ಇದ್ದರೆ ಅವರಲ್ಲಿ ಒಬ್ಬಳು ನಡೆಸುವವಳಾಗುತ್ತಾಳೆ, ಇನ್ನೊಬ್ಬಳು ಬಲಿಪಶುವಾಗುತ್ತಾಳೆ. ಮೊದಲ ಬಾರಿ ಶಿಕ್ಷೆಯಾದರೂ ಕನಿಷ್ಠ ಒಂದು ವರ್ಷ ಕಠಿಣ ಜೈಲು. ಒಬ್ಬಳೇ ಇದ್ದರೆ ಈ ವ್ಯಾಖ್ಯೆಗೆ ಸಿಗುವುದಿಲ್ಲ. ಆದರೆ ಒಬ್ಬಳೇ ಇದ್ದಾಗ ಕುಡಿದು ಬಂದವನು ಕುತ್ತಿಗೆ ಹಿಸುಕಿದರೆ ಕೂಗು ಕೇಳುವವರು ಯಾರು?

ಎರಡನೇ ಪ್ರಶ್ನೆ. ಆಕೆಯನ್ನು ಇಟ್ಟಿರುವುದು 17ನೇ ಕಲಮಿನಡಿ. ಮ್ಯಾಜಿಸ್ಟ್ರೇಟರು ವಿಚಾರಣೆ ಮುಗಿಯುವವರೆಗೆ ಮಧ್ಯಂತರವಾಗಿ ಇರಿಸಬಹುದು, ಆದರೆ ಆ ಆದೇಶಕ್ಕೆ ಮೂರು ವಾರ ಮೀರಿ ಆಯುಸ್ಸಿಲ್ಲ. ಆಮೇಲೆ ವಿಚಾರಣೆಯ ಬಲದ ಮೇಲೆ ಒಂದರಿಂದ ಮೂರು ವರ್ಷದವರೆಗೆ ಸಂರಕ್ಷಣಾ ಗೃಹದಲ್ಲಿ ಇಡುವ ಆದೇಶ ಮಾಡಬಹುದು. ಅದರ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗುತ್ತದೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು: ಎರಡನೇ ಆದೇಶ ಆಗಿದೆಯೇ, ಇಲ್ಲವೇ? ಆದೇಶದ ಪ್ರತಿ ತೆಗೆಯಿಸಿ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ ಎರಡು ತೀರ್ಪುಗಳಿವೆ. 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಮಲಾಡ್‌ನಲ್ಲಿ ಸಿಕ್ಕಿದ ಮೂವರು ಯುವತಿಯರನ್ನು ಬಿಡುಗಡೆ ಮಾಡಿತು. ವಯಸ್ಕರು ಎಲ್ಲಿ ವಾಸಿಸಬೇಕು, ಯಾವ ವೃತ್ತಿ ಹಿಡಿಯಬೇಕು ಎಂಬುದು ಅವರ ಹಕ್ಕು ಎಂದಿತು. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ಇಂಥ ಗೃಹಗಳ ಸಮೀಕ್ಷೆ ನಡೆಸಿ, ಇಚ್ಛೆಗೆ ವಿರುದ್ಧವಾಗಿ ಇಟ್ಟಿರುವ ವಯಸ್ಕ ಮಹಿಳೆಯರನ್ನು ಕಾಲಮಿತಿಯಲ್ಲಿ ಬಿಡುಗಡೆ ಮಾಡುವಂತೆ ರಾಜ್ಯಗಳಿಗೆ ಹೇಳಿತು. ವಕೀಲರ ಹಣದ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ಕಾನೂನು ನೆರವು ಹಕ್ಕಾಗಿಯೇ ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಗ್ರ್ಯಾಂಟ್ ರೋಡ್ ಹಳೆಯ ಕಾರ್ಯಕರ್ತ
ವಕೀಲೆ ಮೇಡಂ ಕಾಗದದ ಮಾತು ಹೇಳಿದರು, ನಾನು ಗಲ್ಲಿಯ ಮಾತು ಹೇಳುತ್ತೇನೆ. ಮುಂಬಯಿಯಲ್ಲಿ ಈ ಕೆಲಸಕ್ಕೆ ಹೆಸರಾದ ಕಾಮಾಠಿಪುರ ಮತ್ತು ಫಾಕ್‌ಲ್ಯಾಂಡ್ ರಸ್ತೆಯಲ್ಲಿ ಏಡ್ಸ್ ತಡೆ ಯೋಜನೆಯೊಂದರಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದೇನೆ. ಕನ್ನಡ, ತೆಲುಗು ಎರಡೂ ಬರುತ್ತವೆ ಎಂದು ನನ್ನನ್ನು ತೆಗೆದುಕೊಂಡಿದ್ದರು.

ಒಂದು ಕಡೆ ಸರ್ಕಾರವೇ ನಮ್ಮ ಕೈಯಲ್ಲಿ ನಿರೋಧ್ ಪೆಟ್ಟಿಗೆ ಕೊಟ್ಟು ಹಂಚಿ ಬನ್ನಿ ಎನ್ನುತ್ತಿತ್ತು. ಇನ್ನೊಂದು ಕಡೆ ದಾಳಿಯಾದಾಗ ಅದೇ ಪೆಟ್ಟಿಗೆ ಪಂಚನಾಮೆಯಲ್ಲಿ ಸಾಕ್ಷ್ಯವಾಗುತ್ತಿತ್ತು. ಆದ್ದರಿಂದ ಹೆಂಗಸರು ನಾವು ಕೊಟ್ಟದ್ದನ್ನು ನೀರಿನ ಡ್ರಮ್ಮಿನ ಹಿಂದೆ, ಅಟ್ಟದ ಮೇಲೆ ಬಚ್ಚಿಡುತ್ತಿದ್ದರು. ರಾತ್ರಿ ಗಿರಾಕಿ ಬಂದಾಗ ಅದು ಕೈಗೆ ಎಟುಕುತ್ತಿರಲಿಲ್ಲ. 2022ರ ಆದೇಶ ಅದನ್ನು ಅಪರಾಧದ ಸಾಕ್ಷ್ಯವೆಂದು ಕಾಣಬಾರದು ಎಂದು ಹೇಳಿದಾಗ ನಾನು ಸಿಹಿ ಹಂಚಿದೆ, ನಿಜವಾಗಿ ಹಂಚಿದೆ.

ದಾಳಿಯ ಮರುದಿನ ಗಲ್ಲಿ ಖಾಲಿ. ಎಚ್‌ಐವಿ ಹತೋಟಿಯ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುವವರು ಎಲ್ಲಿಗೆ ಹೋದರು ಎಂದು ಹುಡುಕಲು ವಾರಗಟ್ಟಲೆ ಬೇಕಾಗುತ್ತಿತ್ತು. ಒಬ್ಬಾಕೆ ಲಾಕಪ್ಪಿನಲ್ಲಿ ಮಾತ್ರೆ ಕೇಳಲೇ ಇಲ್ಲ, ಕೇಳಿದರೆ ರೋಗ ಎಲ್ಲರಿಗೂ ತಿಳಿಯುತ್ತದೆ ಎಂಬ ಭಯ. ಅಂಥ ಮಾತ್ರೆಯನ್ನು ನಿಂತಲ್ಲೇ ನಿಲ್ಲಿಸಿದರೆ ಏನಾಗುತ್ತದೆ ಎಂದು ಆಕೆಗೆ ನಾನೇ ಕಲಿಸಿಕೊಟ್ಟಿದ್ದೆ. 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಈ ವಿಷಯದ ಲೇಖನಮಾಲೆ ಪ್ರಕಟಿಸಿತು. ಲೈಂಗಿಕ ಕೆಲಸವನ್ನು ಅಪರಾಧದ ಪಟ್ಟಿಯಿಂದ ತೆಗೆದರೆ ಹತ್ತು ವರ್ಷದಲ್ಲಿ ಎಚ್‌ಐವಿ ಸೋಂಕುಗಳನ್ನು ಶೇ 33ರಿಂದ 46ರಷ್ಟು ತಪ್ಪಿಸಬಹುದು ಎಂಬ ಅಂದಾಜು ಅದರಲ್ಲಿತ್ತು. ಆ ಸಂಖ್ಯೆ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ನೀರಿನ ಡ್ರಮ್ಮು.

ಹಣದ ವಿಷಯವೂ ಅಷ್ಟೇ. ವಿಳಾಸದ ಪುರಾವೆ ಇಲ್ಲದೆ ಬ್ಯಾಂಕ್ ಖಾತೆ ಇಲ್ಲ. ಬಿಶಿ, ಅಂದರೆ ಚೀಟಿ, ಹಾಕುತ್ತಾರೆ, ಇಲ್ಲವೇ ಘರವಾಲಿಯ ಕೈಯಲ್ಲಿ ಇಡುತ್ತಾರೆ. ಘರವಾಲಿ ಕೊಡದಿದ್ದರೆ ಯಾವ ಠಾಣೆಗೆ ಹೋಗುತ್ತಾರೆ?

ಡೊಂಬಿವಲಿ ಲೆಕ್ಕಿಗ
ನೀವೆಲ್ಲರೂ ಮೂವತ್ತೊಂದು ವರ್ಷದವಳ ಮಾತು ಆಡುತ್ತಿದ್ದೀರಿ. ಹದಿನೈದರವಳ ಮಾತು ಯಾರು ಆಡುತ್ತಾರೆ? ಹೊರಗಿನಿಂದ ನೋಡಿದರೆ ಯಾವ ಖೋಲಿಯಲ್ಲಿ ಇಚ್ಛೆಯಿಂದ ಇರುವವಳು, ಯಾವುದರಲ್ಲಿ ಕೂಡಿಹಾಕಿದ ಹುಡುಗಿ ಎಂದು ತಿಳಿಯುತ್ತದೆಯೇ? ತಿಳಿಯಬೇಕಾದರೆ ಬಾಗಿಲು ಒಡೆಯಲೇಬೇಕು.

ಥಾಣೆ ವಕೀಲೆ
ಒಡೆಯಲಿ, ನಾನು ಬೇಡವೆನ್ನುವುದಿಲ್ಲ. ಹದಿನೆಂಟರ ಒಳಗಿನವರ ವಿಷಯದಲ್ಲಿ ಇಚ್ಛೆ ಎಂಬ ಮಾತೇ ಏಳುವುದಿಲ್ಲ. ಅದಕ್ಕೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ ಇದೆ, ಮಾನವ ಸಾಗಣೆಗೆ ಮೊದಲು ದಂಡಸಂಹಿತೆಯ 370 ಇತ್ತು, ಈಗ ನ್ಯಾಯಸಂಹಿತೆಯ 143 ಇದೆ. ಶಿಕ್ಷೆಯೂ ಕಠಿಣ. ನನ್ನ ತಕರಾರು ಬಾಗಿಲು ಒಡೆದ ಮೇಲಿನದು. ಒಳಗೆ ಸಿಕ್ಕ ಹದಿನೈದರವಳನ್ನೂ ಮೂವತ್ತೊಂದರವಳನ್ನೂ ಒಂದೇ ವ್ಯಾನಿನಲ್ಲಿ ಹತ್ತಿಸುತ್ತೀರಿ. ಇಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತೀರಿ: ನಿನ್ನನ್ನು ಯಾರ ವಶಕ್ಕೆ ಕೊಡಬೇಕು?

ಇನ್ನೂ ಒಂದು ಕೇಳಿ ಅಣ್ಣ. ಆ ಹದಿನೈದರವಳನ್ನು ಮೊದಲು ನೋಡುವವರು ಯಾರು? ಪಕ್ಕದ ಖೋಲಿಯ ಹೆಂಗಸರು. ಠಾಣೆಗೆ ಹೋಗಿ ಹೇಳಿದರೆ ತಮ್ಮ ಮೇಲೆಯೇ ಪ್ರಕರಣ ಬೀಳುತ್ತದೆ ಎಂದು ಅವರು ಬಾಯಿ ಬಿಡುವುದಿಲ್ಲ. ನಿಮ್ಮ ಊರಿನ ಆ ಹುಡುಗಿಯನ್ನೂ ಯಾರೋ ಒಬ್ಬರು ನೋಡಿಯೇ ಇರುತ್ತಾರೆ.

ಡೊಂಬಿವಲಿ ಲೆಕ್ಕಿಗ
ಅವಳನ್ನು ಈ ವಾದಕ್ಕೆ ಎಳೆದವನು ನಾನೇ, ಒಪ್ಪುತ್ತೇನೆ. ಆದರೆ ಇದಕ್ಕೆ ಈಗಲೇ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ.

ಸಾಂತಾಕ್ರೂಜ್ ಓದುಗ
ಕಾಮಾಠಿಪುರ ಎಂಬ ಹೆಸರು ‘ಕಾಮ’ದಿಂದಲೇ ಬಂದದ್ದು ಅಲ್ಲವೇ? ಹೆಸರಿನಲ್ಲೇ ಇದೆ.

ಗ್ರ್ಯಾಂಟ್ ರೋಡ್ ಹಳೆಯ ಕಾರ್ಯಕರ್ತ
ಅಲ್ಲ ಸ್ವಾಮಿ. ಕಾಮಾಠಿಗಳು ಎಂದರೆ ನಿಜಾಮರ ಸೀಮೆಯಿಂದ ಮುಂಬಯಿ ಕಟ್ಟಲು ಬಂದ ತೆಲುಗು ಕೂಲಿಕಾರರು. ಅವರ ವಸತಿಯಾದ್ದರಿಂದ ಆ ಹೆಸರು. ಇವತ್ತಿಗೂ ಆ ಗಲ್ಲಿಗಳಲ್ಲಿ ಬೀಡಿ ಕಟ್ಟುವವರು, ಚರ್ಮದ ಕೆಲಸದವರು, ಜರಿ ಕೆಲಸದವರು ಇದ್ದಾರೆ. ಅಲ್ಲಿ ವಾಸಿಸುವ ಹುಡುಗ ಕೆಲಸಕ್ಕೆ ಅರ್ಜಿ ಹಾಕುವಾಗ ವಿಳಾಸದಲ್ಲಿ ‘ಮುಂಬಯಿ ಸೆಂಟ್ರಲ್ ಹತ್ತಿರ’ ಎಂದು ಬರೆಯುತ್ತಾನೆ.

ಮಾಟುಂಗಾ ಮಾಮಿ
ನಮ್ಮ ಕಡೆಯ ಹೋಟೆಲ್ ಹುಡುಗರು ಓದುತ್ತಿದ್ದ ಕನ್ನಡ ರಾತ್ರಿ ಶಾಲೆಗಳ ಬಗ್ಗೆಯೂ ಯಾರಾದರೂ ಬರೆಯಿರಿ. ಆ ಶಾಲೆಗಳು ಇದ್ದಾಗ ಊರು ಬಿಟ್ಟು ಬಂದ ಮಕ್ಕಳ ಮೇಲೆ ಯಾರದೋ ಒಂದು ಕಣ್ಣಿರುತ್ತಿತ್ತು. ವಿಷಯಾಂತರವಾಯಿತು, ಕ್ಷಮಿಸಿ. ಮಗು ಹೇಗಿದೆ?

ವಾಸ್ಕೋ ಖಾನಾವಳಿ
ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮ ಊರು ರೋಣ ತಾಲ್ಲೂಕು. ‘ಅಡ್ಡೆಗಳನ್ನು ತೆಗೆದುಬಿಟ್ಟರೆ ಊರು ಸ್ವಚ್ಛವಾಗುತ್ತದೆ’ ಎನ್ನುವವರು ಬೈನಾದ ಕಥೆ ಕೇಳಬೇಕು.

ವಾಸ್ಕೋದ ಬೈನಾ ಸಮುದ್ರತೀರದಲ್ಲಿ ದಶಕಗಳಿಂದ ಈ ಕೆಲಸದ ಕೇರಿ ಇತ್ತು. ಆಂಧ್ರದವರು, ನಮ್ಮ ಕರ್ನಾಟಕದವರು ಹೆಚ್ಚು. ಪಕ್ಕದಲ್ಲೇ ಬಂದರಿನ ಕೂಲಿಕಾರರ ಗುಡಿಸಲು. ನಾನು ಆಗ ಹಮಾಲಿ ಮಾಡುತ್ತಿದ್ದೆ. 2004ರ ಜೂನ್ 14ರಂದು ಬುಲ್ಡೋಜರ್ ಬಂತು. ಜೂನ್ ತಿಂಗಳ ಗೋವಾ ಎಂದರೆ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಟ್ರಂಕು, ಪಾತ್ರೆ, ಎಲ್ಲಮ್ಮನ ಫೋಟೋ ಎಲ್ಲವೂ ಮರಳಿನ ಮೇಲೆ ಮಳೆಯಲ್ಲಿ ನೆನೆಯುತ್ತಿದ್ದವು. ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಸಂಸಾರಗಳೂ ಬೀದಿಗೆ ಬಂದವು. ಪುನರ್ವಸತಿ ಆಮೇಲೆ ಎಂದರು.

ಕೆಲಸ ನಿಂತಿತೇ? ಲಾಡ್ಜುಗಳಿಗೆ ಹೋಯಿತು, ಹೆದ್ದಾರಿಗೆ ಹೋಯಿತು, ಮೊಬೈಲಿಗೆ ಹೋಯಿತು. ಮೊದಲು ಒಂದು ಕೇರಿಯಲ್ಲಿದ್ದಾಗ ದಾದಿಗೆ ಯಾವ ಬಾಗಿಲು ಬಡಿಯಬೇಕು ಎಂದು ಗೊತ್ತಿತ್ತು. ಯಾರಾದರೂ ಕಾಣೆಯಾದರೆ ಪಕ್ಕದವಳು ಕೇಳುತ್ತಿದ್ದಳು. ಆಮೇಲೆ ಕೇಳುವವರೇ ಇರಲಿಲ್ಲ. ಒಳ್ಳೆಯದನ್ನೂ ಹೇಳಬೇಕು: ಅನ್ಯಾಯ ರಹಿತ ಜಿಂದಗಿ ಎಂಬ ಸಂಸ್ಥೆ ಇಂಥ ಹೆಂಗಸರಿಗಾಗಿ ಬಟ್ಟೆ ಒಗೆಯುವ ‘ಸ್ವಿಫ್ಟ್ ವಾಶ್’ ಲಾಂಡ್ರಿ ನಡೆಸಿತು. ತಿಂಗಳ ಸಂಬಳದ ಕೆಲಸ. ಆದರೆ ಒಂದು ಲಾಂಡ್ರಿ ಎಷ್ಟು ಜನರನ್ನು ಹಿಡಿದೀತು?

ಹೆಸರು ಬೇಡ
ಇಷ್ಟು ದಿನ ಇಲ್ಲಿ ಓದಿ ಸುಮ್ಮನಿರುತ್ತಿದ್ದೆ. ಇದಕ್ಕೆ ಬರೆಯದೆ ಇರಲಾಗಲಿಲ್ಲ.

ನಾನು ಅಂಥ ತಾಯಿಯ ಮಗ. ಅವ್ವನಿಗೆ ಒಂಬತ್ತನೇ ವಯಸ್ಸಿಗೆ ಸವದತ್ತಿಯಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲೇ ದೇವದಾಸಿಯರ ಕಾಯ್ದೆ ಬಂದಿತ್ತು, ನಮ್ಮ ಬೆಳಗಾವಿ ಸೀಮೆ ಆಗ ಅದರಲ್ಲಿತ್ತು. 1982ರಲ್ಲಿ ಕರ್ನಾಟಕದ ಕಾಯ್ದೆ ಬಂತು. ಅವ್ವನಿಗೆ ಮುತ್ತು ಕಟ್ಟಿದ್ದು ಈ ಎರಡರ ನಡುವೆ. ಕಾಯ್ದೆ ಇದ್ದೂ ಆಕೆಯನ್ನು ಉಳಿಸಲಿಲ್ಲ. ಆದರೆ ಆಮೇಲೆ ಜೀವನಪೂರ್ತಿ ಬೇರೆ ಕಾಯ್ದೆ ಆಕೆಯ ಬೆನ್ನು ಹತ್ತಿತು.

ಡಿಪ್ಲೊಮಾ ಓದುತ್ತಿದ್ದಾಗ ನನಗೆ ಹದಿನೆಂಟು ತುಂಬಿತು. ಅವ್ವನ ಖೋಲಿಗೆ ರಜೆಯಲ್ಲಿ ಬಂದಿದ್ದೆ. ಒಬ್ಬ ಹವಾಲ್ದಾರ ಬಾಗಿಲಲ್ಲಿ ನಿಂತು, ‘ಇವನಿಗೆ ಈಗ ಹದಿನೆಂಟು. ನಿನ್ನ ಹಣದಲ್ಲಿ ತಿಂದರೆ 4ನೇ ಕಲಂ ಬೀಳುತ್ತದೆ, ಎರಡು ವರ್ಷ’ ಎಂದ. ಅವ್ವ ಬಿಶಿಯ ಹಣ ತೆಗೆದು ಅವನ ಕೈಗೆ ಕೊಟ್ಟಳು. ಅದು ನನ್ನ ಪರೀಕ್ಷೆಯ ಶುಲ್ಕ. ಆ ರಾತ್ರಿಯೇ ನನ್ನನ್ನು ರೈಲು ಹತ್ತಿಸಿ, ಇನ್ನು ಮುಂದೆ ಇಲ್ಲಿಗೆ ಬರಬೇಡ ಎಂದಳು. ಆರು ವರ್ಷ ನಾನು ಹೋಗಲಿಲ್ಲ. ಅವ್ವನನ್ನು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲೇ ಭೇಟಿಯಾಗುತ್ತಿದ್ದೆ, ಹೊರಗಿನವರಂತೆ ಎದುರು ಬದುರು ಬೆಂಚಿನಲ್ಲಿ ಕೂತು.

ದಲ್ಲಾಳಿಯನ್ನು ಹಿಡಿಯಲು ಮಾಡಿದ ಕಲಮಿನಡಿ ಮುಪ್ಪಾದ ತಾಯಿಯೂ ಬರುತ್ತಾಳೆ, ವಯಸ್ಸಿಗೆ ಬಂದ ಮಗಳೂ ಬರುತ್ತಾಳೆ. ಜೊತೆಯಲ್ಲಿ ವಾಸಿಸಿದರೆ ಸಾಕು, ಗಳಿಕೆಯಲ್ಲಿ ಬದುಕುತ್ತಿದ್ದಾನೆ ಎಂದು ಕಾಯ್ದೆಯೇ ಊಹಿಸಿಕೊಳ್ಳುತ್ತದೆ. ಅಲ್ಲ ಎಂದು ತೋರಿಸುವ ಹೊರೆ ನಮ್ಮದು. ಅಕ್ಕ, ನೀವು ಆ ಮಗುವಿಗೆ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಎಂದೋ ಇನ್ನೇನೋ ಸುಳ್ಳು ಹೇಳಬೇಡಿ. ನನಗೆ ಹಾಗೆ ಹೇಳಿದ್ದರು. ಸುಳ್ಳು ತಿಳಿದ ದಿನ ನನಗೆ ಕೋಪ ಬಂದದ್ದು ಪೊಲೀಸರ ಮೇಲಲ್ಲ, ಅವ್ವನ ಮೇಲೆ.

ಮಾಟುಂಗಾ ಮಾಮಿ
ಮಗನೇ, ನಿನ್ನ ಅವ್ವ ಈಗ ಎಲ್ಲಿದ್ದಾರೆ?

ಹೆಸರು ಬೇಡ
ನನ್ನ ಜೊತೆಯೇ ಇದ್ದಾಳೆ ಅಮ್ಮ. ಹುಬ್ಬಳ್ಳಿಯಲ್ಲಿ. ಮೊಮ್ಮಗಳಿಗೆ ಜಡೆ ಹಾಕುತ್ತಾಳೆ.

ಸೊಲ್ಲಾಪುರದ ನಿವೃತ್ತ ಜಮಾದಾರ
ನಾನು ಮುಂಬಯಿ ಪೊಲೀಸಿನಲ್ಲಿ ಮೂವತ್ತಮೂರು ವರ್ಷ ಸೇವೆ ಮಾಡಿದವನು. ಮೇಲಿನ ಹವಾಲ್ದಾರನ ಮಾತು ಓದಿ ತಲೆ ತಗ್ಗಿಸಿದೆ. ಹಫ್ತಾ ಇರಲಿಲ್ಲ ಎಂದು ನಾನು ಹೇಳುವುದಿಲ್ಲ.

ಆದರೆ ಒಳಗಿನ ಲೆಕ್ಕವನ್ನೂ ಕೇಳಿ. ಮೇಲಿನಿಂದ ‘ಈ ತಿಂಗಳು ಎಷ್ಟು ಪ್ರಕರಣ?’ ಎಂದು ಕೇಳುತ್ತಾರೆ. ಮಾನವ ಸಾಗಣೆಯ ಒಂದು ಪ್ರಕರಣ ಕಟ್ಟಲು ಬೇರೆ ರಾಜ್ಯಕ್ಕೆ ಹೋಗಬೇಕು, ದಲ್ಲಾಳಿಯ ಜಾಡು ಹಿಡಿಯಬೇಕು, ಸಾಕ್ಷಿ ತಿರುಗದಂತೆ ನೋಡಿಕೊಳ್ಳಬೇಕು. ತಿಂಗಳುಗಟ್ಟಲೆ ಕೆಲಸ. ರಸ್ತೆಬದಿ ನಿಂತ ಹೆಂಗಸರನ್ನು 8ನೇ ಕಲಮಿನಲ್ಲೋ ಪೊಲೀಸ್ ಕಾಯ್ದೆಯ 110ರಲ್ಲಿ ಅಸಭ್ಯ ವರ್ತನೆ ಎಂದೋ ಎತ್ತಿಕೊಂಡು ಬಂದರೆ ಒಂದೇ ಸಂಜೆಯಲ್ಲಿ ಹತ್ತು ಪ್ರಕರಣ. ಲೆಕ್ಕ ತುಂಬುತ್ತದೆ, ದಲ್ಲಾಳಿ ಎಲ್ಲಿದ್ದನೋ ಅಲ್ಲೇ ಇರುತ್ತಾನೆ. ಹೆಂಗಸರು ದಂಡ ಕಟ್ಟಲು ಮತ್ತೆ ಘರವಾಲಿಯ ಹತ್ತಿರವೇ ಸಾಲ ಮಾಡುತ್ತಾರೆ. ಆ ದಂಡ ತೀರಿಸಲು ಇನ್ನಷ್ಟು ಗಿರಾಕಿಗಳು. ಈ ಸುತ್ತನ್ನು ನಾನು ಕಣ್ಣಾರೆ ಕಂಡಿದ್ದೇನೆ.

8ನೇ ಕಲಮಿನ ಒಂದು ವಿಷಯ ಸಾರ್ವಜನಿಕರಿಗೆ ಗೊತ್ತಿಲ್ಲ. ಅದರಲ್ಲಿ ಹೆಣ್ಣಿಗೆ ಮೊದಲ ಬಾರಿ ಆರು ತಿಂಗಳವರೆಗೆ ಶಿಕ್ಷೆ. ಅದೇ ತಪ್ಪು ಗಂಡಸು ಮಾಡಿದರೆ ಹೆಚ್ಚೆಂದರೆ ಮೂರು ತಿಂಗಳು.

1996ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ದೊಡ್ಡ ದಾಳಿಗಳಾದವು. ನಾನ್ನೂರಕ್ಕೂ ಹೆಚ್ಚು ಹುಡುಗಿಯರು ಸಿಕ್ಕರು, ನೇಪಾಳದವರು ಬಹಳ. ಅವರಲ್ಲಿ ನಿಜವಾಗಿಯೂ ಚಿಕ್ಕವರಿದ್ದರು, ಅವರನ್ನು ತೆಗೆದದ್ದು ಸರಿ. ಆದರೆ ತೆಗೆದ ಮೇಲೆ ಎಲ್ಲಿಡಬೇಕು ಎಂದು ಯಾರೂ ಮೊದಲು ಯೋಚಿಸಿರಲಿಲ್ಲ. ಗೃಹಗಳು ತುಂಬಿ ತುಳುಕಿದವು. ಅವರ ದೇಶವೂ ಕರೆಸಿಕೊಳ್ಳಲು ಹಿಂದೇಟು ಹಾಕಿತು, ಕೊನೆಗೆ ಅಲ್ಲಿನ ಸ್ವಯಂಸೇವಾ ಸಂಸ್ಥೆಗಳು ಮುಂದೆ ಬರಬೇಕಾಯಿತು.

ಔಂಧ್ ಅಭಿಯಂತರ
ಇದಕ್ಕೆ ಸ್ವೀಡನ್ ದಾರಿ ಸರಿ. 1999ರಿಂದ ಅಲ್ಲಿ ಮಾರುವವಳಿಗೆ ಶಿಕ್ಷೆಯಿಲ್ಲ, ಕೊಳ್ಳುವವನಿಗೆ ಶಿಕ್ಷೆ. ಗಿರಾಕಿಯನ್ನು ಹಿಡಿಯಿರಿ, ವ್ಯಾಪಾರ ತಾನಾಗಿ ಒಣಗುತ್ತದೆ.

ಗ್ರ್ಯಾಂಟ್ ರೋಡ್ ಹಳೆಯ ಕಾರ್ಯಕರ್ತ
ಒಣಗುವುದು ಹೆಂಗಸಿನ ಹೊಟ್ಟೆ. ಗಿರಾಕಿಗೆ ಭಯವಿದ್ದರೆ ಆತ ಬೆಳಕಿರುವಲ್ಲಿ ನಿಲ್ಲುವುದಿಲ್ಲ, ಕತ್ತಲಿಗೆ ಕರೆಯುತ್ತಾನೆ. ಮುಖ ನೋಡಿ, ಕುಡಿದಿದ್ದಾನೆಯೇ ಎಂದು ಅಳೆದು, ಬೇಡ ಎನ್ನಲು ಆಕೆಗೆ ಎರಡು ನಿಮಿಷವೂ ಸಿಗುವುದಿಲ್ಲ. ನ್ಯೂಜಿಲೆಂಡ್ 2003ರಲ್ಲಿ ಎರಡೂ ಕಡೆಯ ಶಿಕ್ಷೆ ತೆಗೆದು, ಬಲವಂತ ಮತ್ತು ಅಪ್ರಾಪ್ತರ ವಿಷಯದ ಶಿಕ್ಷೆಯನ್ನು ಉಳಿಸಿಕೊಂಡಿತು. ನನಗೆ ಕೇಳಿದರೆ ಅದು ದಾರಿ.

ಔಂಧ್ ಅಭಿಯಂತರ
ನ್ಯೂಜಿಲೆಂಡಿನಲ್ಲಿ ಮುತ್ತು ಕಟ್ಟುವುದಿಲ್ಲ, ದಲಿತ ಕೇರಿಯಿಂದಲೇ ಹುಡುಗಿಯರು ಬರುವುದಿಲ್ಲ. ಇಲ್ಲಿ ಜಾತಿ ಇದೆ. ‘ಆಯ್ಕೆ’ ಎಂಬ ಪದ ಇಲ್ಲಿ ಅಷ್ಟು ಹಗುರವಲ್ಲ.

ಹೆಸರು ಬೇಡ
ಇದು ನಿಜ. ಅವ್ವನಿಗೆ ಯಾರೂ ಆಯ್ಕೆ ಕೊಟ್ಟಿರಲಿಲ್ಲ. ಆದರೆ ನಲವತ್ತನೇ ವಯಸ್ಸಿನಲ್ಲಿ ಆಕೆಯ ಮುಂದೆ ಇದ್ದದ್ದು ಎರಡೇ ದಾರಿ: ಆ ಕೆಲಸ, ಇಲ್ಲವೇ ನನ್ನ ಓದು ನಿಲ್ಲಿಸುವುದು. ಆಗ ಆಕೆ ಮಾಡಿದ್ದನ್ನು ನಾನು ಆಯ್ಕೆ ಎಂದೇ ಕರೆಯುತ್ತೇನೆ. ಜಾತಿಯ ಅನ್ಯಾಯಕ್ಕೆ ಭೂಮಿ ಕೊಡಿ, ಪಿಂಚಣಿ ಕೊಡಿ, ಮುತ್ತು ಕಟ್ಟಿದವರನ್ನು ಜೈಲಿಗೆ ಹಾಕಿ. ಅವ್ವನನ್ನು ವ್ಯಾನಿಗೆ ಹತ್ತಿಸಿದರೆ ಅದರಲ್ಲಿ ಯಾವುದು ಸರಿಹೋಗುತ್ತದೆ?

ಸಾಂತಾಕ್ರೂಜ್ ಓದುಗ
2005ರ ಡ್ಯಾನ್ಸ್ ಬಾರ್ ನಿಷೇಧವನ್ನೂ ನೆನಪಿಸಿಕೊಳ್ಳಿ. ಹೆಣ್ಣಿನ ಘನತೆ ಉಳಿಸುತ್ತೇವೆ ಎಂದು ಮಹಾರಾಷ್ಟ್ರ ಸರ್ಕಾರ ನಿಲ್ಲಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಲಿಲ್ಲ. ಕೆಲಸ ಕಳೆದುಕೊಂಡವರಲ್ಲಿ ಅನೇಕರು ಸಂಸಾರ ಸಾಕಲು ವೇಶ್ಯಾವೃತ್ತಿಗೆ ಇಳಿಯಬೇಕಾಯಿತು ಎಂದು ತೀರ್ಪಿನಲ್ಲೇ ಇದೆ. ಹೆಸರಿನ ವಿಷಯದಲ್ಲಿ ನಾನು ತಪ್ಪು ಹೇಳಿದ್ದೆ, ತಿದ್ದಿದ್ದಕ್ಕೆ ಧನ್ಯವಾದ.

ವಾಸ್ಕೋ ಖಾನಾವಳಿ
ಕೊರೋನಾ ಕಾಲದಲ್ಲಿ ಇವರಿಗೆ ಪಡಿತರವಾದರೂ ಸಿಕ್ಕಿತೇ, ಅಲ್ಲಿ?

ಗ್ರ್ಯಾಂಟ್ ರೋಡ್ ಹಳೆಯ ಕಾರ್ಯಕರ್ತ
2020ರ ಸೆಪ್ಟೆಂಬರಿನಲ್ಲಿ ಗುರುತಿನ ಚೀಟಿ ಕೇಳದೆ ಪಡಿತರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮಹಾರಾಷ್ಟ್ರ ಸರ್ಕಾರ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 5,000 ರೂಪಾಯಿ, ಶಾಲೆಗೆ ಹೋಗುವ ಮಕ್ಕಳಿದ್ದರೆ ಇನ್ನೂ 2,500 ರೂಪಾಯಿ ಘೋಷಿಸಿತು. ಸರ್ಕಾರ ಮನಸ್ಸು ಮಾಡಿದರೆ ಇವರನ್ನು ನಾಗರಿಕರೆಂದು ಎಣಿಸಬಲ್ಲದು. ಖಾತೆ ಇಲ್ಲದವರ ಕೈಗೆ ಆ ಹಣ ಮುಟ್ಟಿಸಲು ನಾವು ಪಟ್ಟ ಪಾಡು ಮಾತ್ರ ಬೇರೆಯೇ.

ಶುಕ್ರವಾರ ಪೇಟೆ ಹೊಲಿಗೆಯವಳು
ಎಲ್ಲರಿಗೂ ಕೈ ಮುಗಿಯುತ್ತೇನೆ. ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ.

ವಕೀಲೆ ಮೇಡಂ ಹೇಳಿದಂತೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಒಬ್ಬ ಯುವ ವಕೀಲರನ್ನು ಕೊಟ್ಟರು. ಆದೇಶದ ಪ್ರತಿ ಸಿಕ್ಕಿತು: ಒಂದು ವರ್ಷ ಇರಿಸಬೇಕೆಂದು ಆಗಿಹೋಗಿದೆ. ವಿಚಾರಣೆಯಲ್ಲಿ ಆಕೆ ಏನು ಹೇಳಿದಳು ಎಂದರೆ ಎರಡು ಸಾಲು ಮಾತ್ರ ಇದೆ, ಅದೂ ಮರಾಠಿಯಲ್ಲಿ. ಆಕೆಗೆ ಸಂತೆಯ ಮರಾಠಿ ಬರುತ್ತದೆ, ನ್ಯಾಯಾಲಯದ ಮರಾಠಿ ಬರುವುದಿಲ್ಲ. ಕನ್ನಡ ದುಭಾಷಿಯನ್ನು ಯಾರೂ ಕರೆಸಿರಲಿಲ್ಲ.

ಗೃಹದಲ್ಲಿ ಅರ್ಧ ಗಂಟೆ ಭೇಟಿ ಸಿಕ್ಕಿತು. ತೆಳ್ಳಗಾಗಿದ್ದಾಳೆ. ಹಪ್ಪಳ ಮಾಡಲು ಕಲಿಸುತ್ತಿದ್ದಾರಂತೆ. ‘ಅಕ್ಕ, ಹಪ್ಪಳ ನಮ್ಮ ಅವ್ವ ಇದಕ್ಕಿಂತ ಚೆನ್ನಾಗಿ ಮಾಡುತ್ತಾಳೆ, ಅದರಿಂದ ಹೊಟ್ಟೆ ತುಂಬಿದ್ದರೆ ನಾನು ಊರು ಬಿಡುತ್ತಿದ್ದೆನೇ?’ ಎಂದಳು. ಮಗಳ ಶಾಲೆಯ ವ್ಯಾನಿನ ಹಣ ಬಾಕಿ ಇದೆ, ಬಿಶಿಯ ಸರದಿ ಈ ತಿಂಗಳು ತನ್ನದು, ಅದನ್ನು ಇಸಿದುಕೊಳ್ಳಿ ಎಂದಳು. ಗೆಳತಿಯ ಜಾಮೀನಿನ ಬಗ್ಗೆ ನಾಲ್ಕು ಬಾರಿ ಕೇಳಿದಳು. ತನ್ನ ಬಗ್ಗೆ ಏನೂ ಕೇಳಲಿಲ್ಲ.

ತಾಯಿಯ ವಿಷಯ. ಏನು ಹೇಳಬೇಕೆಂದು ಆಕೆಯನ್ನೇ ಕೇಳಿದೆ, ‘ಇದ್ದದ್ದನ್ನು ಹೇಳಿ’ ಎಂದಳು. ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಆ ತಾಯಿ, ‘ಅಡುಗೆ ಕೆಲಸದವರ ಕೈ ನಾನು ನೋಡಿದ್ದೇನೆ ತಂಗಿ. ಅವಳ ಕೈಯಲ್ಲಿ ಒಂದು ಸುಟ್ಟ ಕಲೆಯೂ ಇರಲಿಲ್ಲ. ನನಗೆ ತಿಳಿಯದೆ ಇರುತ್ತದೆಯೇ?’ ಎಂದರು.

ಮೇಲ್ಮನವಿ ಮುಂದಿನ ವಾರ ಸೆಷನ್ಸ್ ನ್ಯಾಯಾಲಯದ ಮುಂದೆ ಬರುತ್ತದೆ. ತಾಯಿ ಬಂದು ‘ನನ್ನ ವಶಕ್ಕೆ ಕೊಡಿ’ ಎಂದರೆ ಬೇಗ ಬಿಡಬಹುದು ಎಂದು ಕೆಲವರು ಹೇಳುತ್ತಾರೆ. ನಮ್ಮ ವಕೀಲರು ಒಪ್ಪುತ್ತಿಲ್ಲ.

ಥಾಣೆ ವಕೀಲೆ
ಅವರು ಒಪ್ಪದಿರುವುದು ಸರಿ. ಮೂವತ್ತೊಂದು ವರ್ಷದ ಹೆಣ್ಣು ಯಾರ ವಶದ ವಸ್ತುವೂ ಅಲ್ಲ. ವಶಕ್ಕೆ ಕೊಡಿ ಎಂದು ಕೇಳಿದರೆ ನಾಳೆ ಊರಿನಲ್ಲಿಯೇ ಇರಬೇಕೆಂಬ ಷರತ್ತು ಬೀಳಬಹುದು, ಮಗಳ ಶಾಲೆ ತಪ್ಪುತ್ತದೆ. ತಾಯಿ ಬರಲಿ, ನ್ಯಾಯಾಲಯದಲ್ಲಿ ಕೂರಲಿ. ಆದರೆ ಅರ್ಜಿ ಆಕೆಯ ಹೆಸರಿನಲ್ಲಿ, ಆಕೆಯ ಇಚ್ಛೆಯ ಮೇಲೆಯೇ ನಿಲ್ಲಲಿ. ಕನ್ನಡ ದುಭಾಷಿಗೆ ಲಿಖಿತವಾಗಿ ಮನವಿ ಕೊಡಿ. 17ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ತಮ್ಮ ನೆರವಿಗೆ ಐವರ ಮಂಡಳಿಯನ್ನು ಕರೆಸಬಹುದು, ಸಾಧ್ಯವಾದರೆ ಅದರಲ್ಲಿ ಮೂವರು ಹೆಂಗಸರು ಇರಬೇಕು ಎಂದಿದೆ. ಈ ಪ್ರಕರಣದಲ್ಲಿ ಅಂಥ ಮಂಡಳಿಯನ್ನು ಕೇಳಲಾಗಿತ್ತೇ ಎಂದು ಕಡತ ನೋಡಿ. ಇಲ್ಲದಿದ್ದರೆ ಅದೊಂದು ಬಲವಾದ ಅಂಶ.

ಮಗುವಿನ ವಿಷಯದಲ್ಲಿ ಯಾರಾದರೂ ತಕರಾರು ತೆಗೆದರೆ ಹೆದರಬೇಡಿ. ಶಾಲೆಯ ಹಾಜರಾತಿ, ಲಸಿಕೆಯ ಚೀಟಿ, ಅಜ್ಜಿಯ ಹೇಳಿಕೆ ಸಿದ್ಧವಿಟ್ಟುಕೊಳ್ಳಿ.

ಡೊಂಬಿವಲಿ ಲೆಕ್ಕಿಗ
ದಾಳಿಯೇ ಬೇಡ ಎಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಅರ್ಥವಾಗದ ಭಾಷೆಯಲ್ಲಿ ಒಬ್ಬಳ ಒಂದು ವರ್ಷವನ್ನು ತೀರ್ಮಾನಿಸಿದ್ದು ತಪ್ಪು. ಕಚೇರಿಯಲ್ಲಿ ನನಗೆ ಮರಾಠಿ ಕಾಗದಪತ್ರ ಅನುವಾದಿಸುವ ಅಭ್ಯಾಸವಿದೆ. ಆದೇಶದಲ್ಲಿ ಆಕೆಯ ಹೆಸರು ಮುಚ್ಚಿ ವಕೀಲರ ಮೂಲಕ ಕಳುಹಿಸಿ, ಕನ್ನಡದಲ್ಲಿ ಬರೆದುಕೊಡುತ್ತೇನೆ. ಆಕೆ ಓದಲಿ.

ಹೆಸರು ಬೇಡ
ಅಕ್ಕ, ತಾಯಿ ಜಮಖಂಡಿ ಕಡೆಯಿಂದ ಬಸ್ಸಿನಲ್ಲಿ ಬಂದರೆ ಸ್ವಾರಗೇಟಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಶಿವಾಜಿನಗರದ ನ್ಯಾಯಾಲಯಕ್ಕೆ ಒಬ್ಬರೇ ಹೋಗುವುದು ಕಷ್ಟ. ನಾನು ಹಿಂದಿನ ರಾತ್ರಿಯೇ ಪುಣೆಗೆ ಬರುತ್ತೇನೆ. ಅವ್ವನೂ ಬರುತ್ತೇನೆ ಎನ್ನುತ್ತಿದ್ದಾಳೆ, ಆ ತಾಯಿಯ ಪಕ್ಕದಲ್ಲಿ ಕೂರಲು ಒಬ್ಬರು ಬೇಕಲ್ಲ ಎಂದು.

ಶುಕ್ರವಾರ ಪೇಟೆ ಹೊಲಿಗೆಯವಳು
ನಮ್ಮ ಮನೆಯಲ್ಲೇ ಎಲ್ಲರೂ ಉಳಿಯಿರಿ. ಅಂಗಡಿಯ ಮೇಲೆಯೇ ಮನೆ, ಮೆಟ್ಟಿಲು ಸ್ವಲ್ಪ ಕಡಿದಾಗಿದೆ, ಅವ್ವನವರಿಗೆ ಹೇಳಿ. ಮಗುವನ್ನೂ ಆ ರಾತ್ರಿ ಇಲ್ಲಿಗೆ ಕರೆತರುತ್ತೇನೆ. ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದು ತಿಳಿದರೆ ಬರೆಯಿರಿ, ಸ್ವಾರಗೇಟಿನಲ್ಲಿ ನಿಂತಿರುತ್ತೇನೆ.